ಫೀನಿಕ್ಸ್–ಎಲ್‌ಎ ದಾರಿಯ ಪ್ಯಾಟನ್ ಮ್ಯೂಸಿಯಂ: ಸುಬೇದಾರ್ ಅಪ್ಪನ ಜೊತೆ ನೋಡಿದ್ದು

ಅರಿಜೋನಾದ ಚಾಂಡ್ಲರ್, ಗಿಲ್ಬರ್ಟ್ ಕಡೆ ಇರುವ ಕನ್ನಡದವರಿಗೆ ಲಾಸ್ ಏಂಜಲೀಸ್‌ಗೆ ಹೋಗಲು ಏನಾದರೂ ನೆಪ ಇದ್ದೇ ಇರುತ್ತದೆ. ಮಲಿಬು ದೇವಸ್ಥಾನ, ಆರ್ಟೀಸಿಯಾದ ಪಯೊನೀರ್ ಬುಲೆವಾರ್ಡ್, ಮಕ್ಕಳಿದ್ದರೆ ಡಿಸ್ನಿಲ್ಯಾಂಡ್. ದಾರಿ ಮಾತ್ರ ಒಂದೇ, ಐ-10. ಬ್ಲೈತ್ ದಾಟಿದರೆ ಇಂಡಿಯೊ ಬರುವವರೆಗೆ ನೂರು ಮೈಲಿಯ ಹತ್ತಿರ ಬರೀ ಮರಳು, ಕಲ್ಲು, ಕುರುಚಲು ಗಿಡ. ಆ ಬಯಲಿನಲ್ಲಿ ಚಿರಿಯಾಕೊ ಸಮ್ಮಿಟ್ ಅಂತ ಒಂದು ಎಕ್ಸಿಟ್ ಬರುತ್ತದೆ. ಒಂದು ಪೆಟ್ರೋಲ್ ಬಂಕ್, ಊಟಕ್ಕೊಂದು ಜಾಗ, ಪಕ್ಕದಲ್ಲಿ ಸಾಲಾಗಿ ನಿಂತ ಹಳೇ ಟ್ಯಾಂಕ್‌ಗಳು. ಅದೇ ಜನರಲ್ ಪ್ಯಾಟನ್ ಮೆಮೋರಿಯಲ್ ಮ್ಯೂಸಿಯಂ, ಎರಡನೇ ಮಹಾಯುದ್ಧದ ಅಮೆರಿಕನ್ ಸೇನಾನಿಯ ಹೆಸರಿನದು. ನಮ್ಮಲ್ಲಿ ಹೆಚ್ಚಿನವರು ಇಲ್ಲಿ ಬಾತ್‌ರೂಮ್‌ಗೆ ಅಂತ ನಿಲ್ಲಿಸಿ, ಟ್ಯಾಂಕ್ ಮುಂದೆ ಮಕ್ಕಳ ಫೋಟೊ ತೆಗೆದು ಹೊರಟುಬಿಡುತ್ತಾರೆ. ಈ ಸಲ ಒಳಗೆ ಹೋಗಿ ಸಾವಕಾಶವಾಗಿ ನೋಡಿಕೊಂಡು ಬಂದೆವು. ಟಿಕೆಟ್ ಕೊಟ್ಟು ನೋಡಬೇಕಾದ ಜಾಗ ಹೌದು. ಆದರೆ ನೋಡಬೇಕಾದದ್ದು ಜನರಲ್ ಸಾಹೇಬರನ್ನಲ್ಲ.

ಜೊತೆಗೆ ಬಂದವರ ಬಗ್ಗೆ ಮೊದಲೇ ಹೇಳಬೇಕು. ನಮ್ಮ ಅಪ್ಪ ಬೆಳಗಾವಿಯವರು. ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಸಿಪಾಯಿಯಾಗಿ ಸೇರಿ ಸುಬೇದಾರ್ ಆಗಿ ನಿವೃತ್ತರಾದವರು. ಅಮೆರಿಕಕ್ಕೆ ಬಂದಾಗೆಲ್ಲ ಮಾಲ್ ತೋರಿಸಿದರೆ ಬೆಂಚ್ ಹುಡುಕಿ ಕೂರುತ್ತಾರೆ. ಇಲ್ಲಿ ಮಾತ್ರ ನಾನೇ ಬೆಂಚ್ ಹುಡುಕಬೇಕಾಯಿತು. ಹಾಗಾಗಿ ಈ ವಿಮರ್ಶೆಯಲ್ಲಿ ಅರ್ಧ ಅವರ ಮಾತು.

ಒಂದು ಗೊಂದಲ ಬೇಡ. ಪ್ಯಾಟನ್ ಹೆಸರಲ್ಲಿ ಕೆಂಟಕಿಯ ಫೋರ್ಟ್ ನಾಕ್ಸ್‌ನಲ್ಲೂ ಒಂದು ಮ್ಯೂಸಿಯಂ ಇದೆ, ಅದು ಬೇರೆ. ಕ್ಯಾಲಿಫೋರ್ನಿಯಾದ ಈ ಮ್ಯೂಸಿಯಂ ಶುರುವಾಗಿದ್ದು 1988ರಲ್ಲಿ. ಇದು ಇಲ್ಲೇ ಯಾಕೆ ಇದೆ ಅನ್ನುವುದರಲ್ಲೇ ಮುಖ್ಯ ಕಥೆ ಇದೆ. 1942ರ ಮಾರ್ಚ್‌ನಲ್ಲಿ ಮೇಜರ್ ಜನರಲ್ ಜಾರ್ಜ್ ಪ್ಯಾಟನ್ ಜಾಗ ಹುಡುಕಿಕೊಂಡು ಈ ಮರುಭೂಮಿಗೆ ಬಂದರು. ಉತ್ತರ ಆಫ್ರಿಕಾದಲ್ಲಿ ರೊಮ್ಮೆಲ್‌ನ ಜರ್ಮನ್ ಪಡೆ ಬ್ರಿಟಿಷರನ್ನು ಹಿಂದೆ ತಳ್ಳುತ್ತಿದ್ದ ಕಾಲ ಅದು. ಅಮೆರಿಕದ ಸೈನ್ಯಕ್ಕೆ ಮರುಭೂಮಿ ಯುದ್ಧದ ಅನುಭವವೇ ಇರಲಿಲ್ಲ. ಸಮುದ್ರ ದಾಟಿ, ಗೊತ್ತಿಲ್ಲದ ಮರಳಿನಲ್ಲಿ ಹೋರಾಡಬೇಕು. ಅದಕ್ಕೆ ಮನೆಯಲ್ಲೇ ಅಂಥ ಮರಳು ಹುಡುಕಿ ಅಲ್ಲೇ ಕಲಿಸೋಣ ಅಂತ ಲೆಕ್ಕ ಹಾಕಿದರು. ಪ್ಯಾಟನ್ ಹುಟ್ಟಿದ್ದು ಲಾಸ್ ಏಂಜಲೀಸ್ ಪಕ್ಕದ ಸ್ಯಾನ್ ಗೇಬ್ರಿಯಲ್‌ನಲ್ಲಿ, ಕ್ಯಾಲಿಫೋರ್ನಿಯಾ ಅವರಿಗೆ ಹೊಸದಲ್ಲ. ಹೀಗೆ ಹುಟ್ಟಿದ್ದು ಡೆಸರ್ಟ್ ಟ್ರೈನಿಂಗ್ ಸೆಂಟರ್. ಅದರ ಮುಖ್ಯ ಕಚೇರಿ ಕ್ಯಾಂಪ್ ಯಂಗ್ ಇದ್ದದ್ದು ಈ ಮ್ಯೂಸಿಯಂನ ಹತ್ತಿರದಲ್ಲೇ.

ಎಷ್ಟು ದೊಡ್ಡದು ಅಂತೀರಾ? ಸುಮಾರು 18,000 ಚದರ ಮೈಲಿ. ನಮ್ಮ ಕರ್ನಾಟಕದ ಹತ್ತಿರ ಹತ್ತಿರ ಕಾಲು ಭಾಗ. ಕ್ಯಾಲಿಫೋರ್ನಿಯಾ, ಅರಿಜೋನಾ, ನೆವಾಡದ ಅಂಚು ಸೇರಿ ಒಂದೇ ತರಬೇತಿ ಮೈದಾನ. ಎರಡು ವರ್ಷದಲ್ಲಿ ಸುಮಾರು 10 ಲಕ್ಷ ಸೈನಿಕರು ಇಲ್ಲಿ ಬಂದು ಹೋದರು ಅಂತ ಲೆಕ್ಕ. ಜೋ ಚಿರಿಯಾಕೊ ಅನ್ನುವವರು 1933ರಿಂದ ಇಲ್ಲೊಂದು ಬಂಕ್, ಅಂಗಡಿ ನಡೆಸುತ್ತಿದ್ದರು. ಆಗ ಇದರ ಹೆಸರು ಶೇವರ್ ಸಮ್ಮಿಟ್. ಏಕಾಏಕಿ ಪಕ್ಕದಲ್ಲಿ ಇಡೀ ಸೈನ್ಯವೇ ಬಂದು ಕುಳಿತಿತು. ತಂಪು ಪಾನೀಯ ಹುಡುಕಿಕೊಂಡು ಬರುವ ಹುಡುಗರಿಗೆ ಸುತ್ತ ಎಲ್ಲೂ ಬೇರೆ ಅಂಗಡಿ ಇಲ್ಲ. ಅವರ ವ್ಯಾಪಾರ ಹೇಗಿತ್ತು ಅಂತ ಊಹಿಸಿಕೊಳ್ಳಿ!

ಒಳಗೆ ಹೋದ ಕೂಡಲೇ ಕಾಣುವುದು ಒಂದು ದೊಡ್ಡ ನಕ್ಷೆ. ಅದಕ್ಕೆ ಬಿಗ್ ಮ್ಯಾಪ್ ಅಂತಲೇ ಹೆಸರು. ಬೆಟ್ಟ ಕಣಿವೆಗಳನ್ನೆಲ್ಲ ಉಬ್ಬಿಸಿ ಮಾಡಿದ್ದು, ಸುಮಾರು 5 ಟನ್ ತೂಕ. ಇದು ಸೈನ್ಯದವರು ಮಾಡಿದ್ದಲ್ಲ. ಕೊಲರಾಡೊ ನದಿಯ ನೀರನ್ನು ಮರುಭೂಮಿ ದಾಟಿಸಿ ಲಾಸ್ ಏಂಜಲೀಸ್ ಕಡೆಗೆ ತರುವ ಕಾಲುವೆಗೆ ಅಂತ ಅಲ್ಲಿನ ನೀರು ಸರಬರಾಜು ಸಂಸ್ಥೆ ಮಾಡಿಸಿದ್ದು. ಬೇರೆ ಯಾವ ಮಿಲಿಟರಿ ಮ್ಯೂಸಿಯಂನಲ್ಲಾದರೂ ಇದನ್ನು ನೋಡಿದ್ದರೆ ಇದಕ್ಕೂ ಟ್ಯಾಂಕ್‌ಗೂ ಏನು ಸಂಬಂಧ ಅಂತ ಮುಂದೆ ಹೋಗಿಬಿಡುತ್ತಿದ್ದೆ. ಅಪ್ಪ ಅಲ್ಲೇ ನಿಂತರು.

"ಇಷ್ಟ ಮಂದಿಗೆ ನೀರ ಎಲ್ಲಿಂದ ತಂದ್ರಂತ?" ಅಂದರು.

ಅದಕ್ಕೆ ಉತ್ತರ ಆ ನಕ್ಷೆಯ ಮೇಲೇ ಇದೆ. ಕಾಲುವೆ ಆಗಷ್ಟೇ ಕಟ್ಟಿ ಮುಗಿದಿತ್ತು. ಪ್ಯಾಟನ್ ಆ ನೀರಿನ ಸಂಸ್ಥೆಯವರನ್ನು ಭೇಟಿಯಾಗಿ ಮಾತಾಡಿದರು, ಕ್ಯಾಂಪ್ ಯಂಗ್‌ಗೆ ನೀರು ಆ ಕಾಲುವೆಯಿಂದಲೇ ಬಂತು. ಈ ನೆಲವನ್ನು ಮೊದಲು ಅಳೆದು, ಅಗೆದು, ದಾರಿ ಮಾಡಿದವರು ನೀರಿನ ಇಂಜಿನಿಯರ್‌ಗಳು. ಸೈನ್ಯ ಬಂದದ್ದು ಆಮೇಲೆ. ಕಾಲುವೆ ಇಲ್ಲದಿದ್ದರೆ ಇಲ್ಲಿ ಅಷ್ಟು ಬೇಗ ಒಂದು ಡಿವಿಷನ್ ಅನ್ನೂ (ಸಾವಿರಾರು ಸೈನಿಕರ ಪಡೆ) ಇಳಿಸಲು ಆಗುತ್ತಿರಲಿಲ್ಲ. ನನ್ನ ಮಟ್ಟಿಗೆ ಇಡೀ ಮ್ಯೂಸಿಯಂನಲ್ಲಿ ಅತಿ ಮುಖ್ಯವಾದ ವಸ್ತು ಈ ನಕ್ಷೆ. ಜನ ಅದರ ಮೇಲೆ ಒಂದು ಸಲ ಕಣ್ಣಾಡಿಸಿ ಬಂದೂಕುಗಳ ಕಡೆ ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ.

ಅರ್ಧ ಗಂಟೆಯ ಹತ್ತಿರದ ಒಂದು ಫಿಲಂ ತೋರಿಸುತ್ತಾರೆ. ಹೊರಗೆ ಬಿಸಿಲಿದ್ದರೆ ಮೊದಲು ಅದನ್ನೇ ನೋಡಿ, ಎಸಿಯಲ್ಲಿ ಸುಧಾರಿಸಿಕೊಂಡ ಹಾಗೂ ಆಯಿತು. ಉಳಿದಂತೆ ಸಮವಸ್ತ್ರ, ಹೆಲ್ಮೆಟ್, ನೀರಿನ ಕ್ಯಾಂಟೀನ್ (ಸೈನಿಕರ ನೀರಿನ ಬಾಟಲಿ), ಊಟದ ತಟ್ಟೆ, ಆ ಕಾಲದ ಫೋಟೊಗಳು. ಹೆಸರೇ ಪ್ಯಾಟನ್‌ದಾದ ಮೇಲೆ ಪ್ಯಾಟನ್ ಜಾಸ್ತಿ ಇರುವುದು ಸಹಜ. ದಂತದ ಹಿಡಿಕೆಯ ರಿವಾಲ್ವರ್, ಹೊಳೆಯುವ ಬೂಟು, ಅಭಿಮಾನಿಗಳಿಗೆ ಬೇಕಾದದ್ದೆಲ್ಲ ಆ ಮನುಷ್ಯನಲ್ಲಿ ಇತ್ತು. ಕ್ಯಾಂಪ್‌ನಲ್ಲಿ ಒಂದು ರೇಡಿಯೊ ಸ್ಟೇಷನ್ ಹಾಕಿಸಿದ್ದರು. ಹಾಡು ಬರುತ್ತಿರುವಾಗ ಮಧ್ಯದಲ್ಲೇ ಮೈಕ್ ಹಿಡಿದು ಸೈನಿಕರಿಗೆ ಭಾಷಣ ಕೊಡುತ್ತಿದ್ದರಂತೆ. ಚಿಕ್ಕ ವಿಮಾನ ಹತ್ತಿ ಮೇಲಿಂದ ಟ್ಯಾಂಕ್‌ಗಳ ಸಾಲು ನೋಡುವುದು, ಗುಡ್ಡದ ಮೇಲೆ ನಿಂತು ರೇಡಿಯೊದಲ್ಲಿ ಬೈಯುವುದು. ಆ ಗುಡ್ಡಕ್ಕೆ ಹುಡುಗರು ರಾಜನ ಸಿಂಹಾಸನ ಅಂತಲೇ ಹೆಸರಿಟ್ಟಿದ್ದರು.

ಆದರೆ ಈ ಜಾಗದಲ್ಲಿ ಅವರಿದ್ದದ್ದು ನಾಲ್ಕು ತಿಂಗಳ ಆಸುಪಾಸು ಅಷ್ಟೇ. 1942ರ ಬೇಸಿಗೆ ಮುಗಿಯುವ ಮೊದಲೇ ಅವರನ್ನು ಆಫ್ರಿಕಾ ದಾಳಿಯ ತಯಾರಿಗೆ ಕರೆಸಿಕೊಂಡರು. ನವೆಂಬರ್ 8ರಂದು ಮೊರಾಕ್ಕೊ ತೀರದಲ್ಲಿ ಅವರ ಪಡೆ ಇಳಿಯಿತು. ಕೇಂದ್ರ ನಡೆದದ್ದು 1944ರ ಏಪ್ರಿಲ್‌ವರೆಗೆ. ಅಂದರೆ ಬಹುಪಾಲು ಕಾಲ ಇಲ್ಲಿ ಪ್ಯಾಟನ್ ಇರಲೇ ಇಲ್ಲ. ಬೋರ್ಡ್ ಮೇಲೆ ಹೆಸರು ಅವರದು, ಕೆಲಸ ಬೇರೆಯವರದು.

ತರಬೇತಿಯ ನಿಯಮಗಳನ್ನು ಓದುವಾಗ ಅಪ್ಪನ ಮುಖ ನೋಡಬೇಕಿತ್ತು. ಬಂದು ಒಂದು ತಿಂಗಳೊಳಗೆ ಬಂದೂಕು, ಬೆನ್ನ ಮೇಲಿನ ಚೀಲ ಸಮೇತ ಒಂದು ಮೈಲಿಯನ್ನು 10 ನಿಮಿಷದಲ್ಲಿ ಓಡಬೇಕು. "ಇದು ಬರೋಬ್ಬರಿ ಐತಿ" ಅಂತ ತಲೆಯಾಡಿಸಿದರು. ಬಿಸಿಲು 120 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುತ್ತಿತ್ತು, ಅಂದರೆ 49 ಸೆಲ್ಸಿಯಸ್. ಟ್ಯಾಂಕ್ ಒಳಗೆ ಅದಕ್ಕೂ ಜಾಸ್ತಿ. ಕಬ್ಬಿಣ ಮುಟ್ಟಿದರೆ ಕೈ ಸುಡುತ್ತದೆ. ಕುಡಿಯುವ ನೀರು ದಿನಕ್ಕೆ ಒಂದು ಕ್ಯಾಂಟೀನ್, ಒಂದು ಲೀಟರ್ ಆಸುಪಾಸು. ಮೈಗೆ ಕಡಿಮೆ ನೀರಿನ ಅಭ್ಯಾಸ ಆಗಲಿ ಅನ್ನುವುದು ಆಗಿನ ಯೋಚನೆ.

"ಇದು ತಪ್ಪ" ಅಂದರು ಅಪ್ಪ, ಇಷ್ಟೇ ಗಟ್ಟಿಯಾಗಿ. ಪಕ್ಕದಲ್ಲಿದ್ದ ಅಮೆರಿಕನ್ ಅಜ್ಜ ತಿರುಗಿ ನೋಡಿದ.

ಅಪ್ಪ ಹೇಳಿದ್ದು ಸರಿ. ಅದೇ 1942ರಲ್ಲಿ, ನಾವು ದಾಟಿ ಬರುವ ಅದೇ ಬ್ಲೈತ್ ಹತ್ತಿರ, ರೋಚೆಸ್ಟರ್ ವಿಶ್ವವಿದ್ಯಾಲಯದ ಎಡ್ವರ್ಡ್ ಅಡಾಲ್ಫ್ ಅನ್ನುವ ಶರೀರ ವಿಜ್ಞಾನಿಯ ತಂಡ ಇದನ್ನೇ ಪರೀಕ್ಷೆ ಮಾಡುತ್ತಿತ್ತು. ಸೈನಿಕರು ನಡೆಯುವಾಗ ಎಷ್ಟು ಬೆವರು ಹೋಗುತ್ತದೆ, ನೀರು ಕೊಟ್ಟರೆ ಏನು, ಕೊಡದಿದ್ದರೆ ಏನು ಅಂತ ಅಳೆದರು. ಸೆಖೆಗೆ ಮೈ ಒಗ್ಗಿಕೊಳ್ಳುತ್ತದೆ, ಬಾಯಾರಿಕೆಗೆ ಒಗ್ಗುವುದಿಲ್ಲ ಅಂತ ಕಂಡುಕೊಂಡರು. ಎಷ್ಟೇ ಅಭ್ಯಾಸ ಮಾಡಿಸಿದರೂ ದೇಹಕ್ಕೆ ಬೇಕಾದ ನೀರು ಕಡಿಮೆ ಆಗುವುದಿಲ್ಲ. ನೀರು ಕೊಡದೇ ಇದ್ದರೆ ಸೈನಿಕ ಗಟ್ಟಿಯಾಗುವುದಿಲ್ಲ, ಬಿದ್ದುಬಿಡುತ್ತಾನೆ. ಇವತ್ತು ಫೀನಿಕ್ಸ್‌ನ ಬಿಸಿಲಲ್ಲಿ ಕೆಲಸ ಮಾಡುವವರಿಗೆ ಬಾಯಾರುವ ಮೊದಲೇ ಕುಡೀರಿ ಅಂತ ಹೇಳುತ್ತಾರಲ್ಲ, ಅದರ ಬೇರು ಇಂಥ ಪ್ರಯೋಗಗಳಲ್ಲಿದೆ. ತರಬೇತಿ ಕೇಂದ್ರ ಅಂದರೆ ಸೈನಿಕ ಕಲಿಯುವ ಜಾಗ ಅಂದುಕೊಳ್ಳುತ್ತೇವೆ. ಇಲ್ಲಿ ಸೈನ್ಯವೇ ಕಲಿಯುತ್ತಿತ್ತು. ನನಗೆ ಈ ಜಾಗದಲ್ಲಿ ರಿವಾಲ್ವರ್‌ಗಿಂತ ಜಾಸ್ತಿ ಆಸಕ್ತಿ ಹುಟ್ಟಿಸಿದ್ದು ಇದು.

ಇನ್ನೊಂದು ತಮಾಷೆ ಇದೆ. ಉತ್ತರ ಆಫ್ರಿಕಾದ ಯುದ್ಧ 1943ರ ಮೇ ತಿಂಗಳಲ್ಲಿ ಮುಗಿದೇ ಹೋಯಿತು. ಮರುಭೂಮಿ ಕೇಂದ್ರ ಆಗಿನ್ನೂ ಭರ್ತಿ ಜೋರಿನಲ್ಲಿತ್ತು. ಟ್ಯುನೀಶಿಯಾದ ಕ್ಯಾಸರೀನ್ ಕಣಿವೆಯಲ್ಲಿ ಅಮೆರಿಕನ್ನರು ಮೊದಲ ದೊಡ್ಡ ಪೆಟ್ಟು ತಿಂದದ್ದು 1943ರ ಫೆಬ್ರವರಿಯಲ್ಲಿ. ಅಲ್ಲಿ ಪೆಟ್ಟು ತಿಂದ 1ನೇ ಆರ್ಮರ್ಡ್ ಡಿವಿಷನ್, ಅಂದರೆ ಟ್ಯಾಂಕ್ ಪಡೆ, ಇಲ್ಲಿ ಕಲಿತದ್ದಲ್ಲ, ಅದು ಆಫ್ರಿಕಾಕ್ಕೆ ಹೋಗುವ ಮೊದಲು ಇದ್ದದ್ದು ಉತ್ತರ ಐರ್ಲೆಂಡ್‌ನ ಹಸಿರು ಮಳೆಯಲ್ಲಿ. ಇಲ್ಲಿ ಮರಳು ತಿಂದ 3ನೇ ಆರ್ಮರ್ಡ್ ಡಿವಿಷನ್ ಹೋಗಿ ಇಳಿದದ್ದು ಫ್ರಾನ್ಸ್‌ನ ನಾರ್ಮಂಡಿಯಲ್ಲಿ. ಅಲ್ಲಿ ಹತ್ತು ಹೆಜ್ಜೆಗೊಂದು ಎತ್ತರದ ಬೇಲಿ, ಮುಂದೆ ಏನೂ ಕಾಣದು. 4ನೇ ಆರ್ಮರ್ಡ್ ಡಿವಿಷನ್ ಕೂಡ ಇಲ್ಲಿ ತಿಂಗಳುಗಟ್ಟಲೆ ಬೆವರು ಸುರಿಸಿತು. ಕೊನೆಗೆ ಅದು ಹೆಸರು ಮಾಡಿದ್ದು 1944ರ ಡಿಸೆಂಬರ್‌ನಲ್ಲಿ, ಬೆಲ್ಜಿಯಂನ ಹಿಮದಲ್ಲಿ, ಬಾಸ್ಟೋನ್ ಊರಿನ ಮುತ್ತಿಗೆ ಬಿಡಿಸಿದಾಗ.

ಹಾಗಾದರೆ ಇಷ್ಟೆಲ್ಲ ಮರಳಿನಲ್ಲಿ ಓಡಾಡಿದ್ದು ದಂಡವಾಯಿತಾ? ನಾನು ಅಪ್ಪನನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಇದ್ದು, "ನೆಲ ಬ್ಯಾರೆ ಆಗ್ತೈತಿ, ದೂರ ಬ್ಯಾರೆ ಆಗೂದಿಲ್ಲ" ಅಂದರು.

ಆಮೇಲೆ ಬಿಡಿಸಿ ಹೇಳಿದರು. ಮನೆಯಿಂದ ದೂರ ಹೋಗಿ ಯುದ್ಧ ಮಾಡುವಾಗ ಕೈ ಕೊಡುವುದು ಧೈರ್ಯ ಅಲ್ಲ. ಡೀಸೆಲ್ ಎಲ್ಲಿದೆ, ಫ್ಯಾನ್ ಬೆಲ್ಟ್ ಯಾರ ಹತ್ತಿರ ಇದೆ, ರಾತ್ರಿ ಕೆಟ್ಟ ಗಾಡಿಯನ್ನು ಬೆಳಗಾಗುವುದರೊಳಗೆ ಯಾರು ರಿಪೇರಿ ಮಾಡುತ್ತಾರೆ, ನಕ್ಷೆಯಲ್ಲಿ ಇಲ್ಲದ ಹಳ್ಳ ಬಂದರೆ ಏನು ಮಾಡಬೇಕು, ಇಂಥವು. ಧೂಳು ಇಂಜಿನ್ ತಿನ್ನುತ್ತದೆ, ಫಿಲ್ಟರ್ ದಿನಾ ಒರೆಸಬೇಕು. ಇದೆಲ್ಲ ಮರುಭೂಮಿಯಲ್ಲಿ ಕಲಿತವನು ಹಿಮದಲ್ಲೂ ಮರೆಯುವುದಿಲ್ಲ. ಇಲ್ಲಿನ ಅಧಿಕಾರಿಗಳೂ ಇದನ್ನೇ ಕಂಡುಕೊಂಡ ಹಾಗಿದೆ. ಆಫ್ರಿಕಾ ಮುಗಿದ ಮೇಲೂ ಕೇಂದ್ರ ಮುಚ್ಚಲಿಲ್ಲ. 1943ರ ಅಕ್ಟೋಬರ್‌ನಲ್ಲಿ ಹೆಸರಿನಿಂದ ಮರುಭೂಮಿಯನ್ನು ತೆಗೆದು ಕ್ಯಾಲಿಫೋರ್ನಿಯಾ-ಅರಿಜೋನಾ ಮನೂವರ್ ಏರಿಯಾ, ಅಂದರೆ ಅಣಕು ಯುದ್ಧದ ಪ್ರದೇಶ, ಅಂತ ಮಾಡಿದರು. ಇಡೀ ಪ್ರದೇಶವನ್ನು ಸಮುದ್ರದಾಚೆಯ ಒಂದು ರಣರಂಗ ಅಂತಲೇ ನಡೆಸಿದರು. ಹಿಂದೆ ಡಿಪೋ, ರೈಲು, ಆಸ್ಪತ್ರೆ. ಮುಂದೆ ಹೋರಾಡುವ ಪಡೆ. ಮಧ್ಯದಲ್ಲಿ ನೂರಾರು ಮೈಲಿ ಸಾಗಣೆ. ಅಡುಗೆಯವರು, ಲಾರಿ ಓಡಿಸುವವರು, ಮೆಕ್ಯಾನಿಕ್‌ಗಳು ಎಲ್ಲರಿಗೂ ಪರೀಕ್ಷೆ. ಕೊನೆಗೆ 1944ರಲ್ಲಿ ಮುಚ್ಚಿದ್ದಕ್ಕೆ ಒಂದು ಕಾರಣ ಇಂಥ ಸೇವಾ ಪಡೆಗಳೇ. ಅವರು ಹೊರದೇಶದ ನಿಜವಾದ ರಣರಂಗಕ್ಕೆ ಬೇಕಾದರು, ಇಲ್ಲಿ ಉಳಿಸಿಕೊಳ್ಳಲು ಆಗಲಿಲ್ಲ.

ಸುಮ್ನೆ ಒಂದು ಮಾತು. ಅದೇ ವರ್ಷಗಳಲ್ಲಿ ನಮ್ಮ ಶಿವಮೊಗ್ಗದಲ್ಲೂ ಒಂದು ತರಬೇತಿ ಶಾಲೆ ಇತ್ತು, ಬರ್ಮಾಕ್ಕೆ ಹೋಗುವವರಿಗೆ ಕಾಡಿನ ಯುದ್ಧ ಕಲಿಸಲು. ಅಮೆರಿಕನ್ನರು ಸಹಾರಾಕ್ಕೆ ಇಲ್ಲಿನ ಮೊಹಾವಿ ಮರುಭೂಮಿಯನ್ನು ಹುಡುಕಿದರು, ಬ್ರಿಟಿಷರು ಬರ್ಮಾಕ್ಕೆ ಮಲೆನಾಡನ್ನು ಹುಡುಕಿದರು. ಶಿವಮೊಗ್ಗದವರು ಎಷ್ಟು ಜನರಿಗೆ ಇದು ಗೊತ್ತೋ!

ಅಪ್ಪ ಎರಡು ಸಲ ಹೊರದೇಶಕ್ಕೆ ಹೋದವರು. ಎರಡಕ್ಕೂ ಅಜಗಜಾಂತರ. ಮೊದಲನೆಯದು ಶ್ರೀಲಂಕಾ, ಶಾಂತಿಪಡೆಯ ಕಾಲ. 1987ರ ಜುಲೈ ಕೊನೆಗೆ ನಮ್ಮ ಸೈನ್ಯ ಅಲ್ಲಿ ಇಳಿದದ್ದು ಭಾರತ-ಶ್ರೀಲಂಕಾ ಒಪ್ಪಂದ ಕಾಯಲು. ಅಕ್ಟೋಬರ್‌ಗೆ ತಮಿಳು ಬಂಡುಕೋರರ ಎಲ್‌ಟಿಟಿಇ ಜೊತೆ ಯುದ್ಧವೇ ಶುರುವಾಯಿತು. ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು ಸತ್ತರು. ಅಪ್ಪ ಹೋದದ್ದು ಮರುವರ್ಷ. ಭಾಷೆ ಬರುವುದಿಲ್ಲ, ಊರು ಗೊತ್ತಿಲ್ಲ, ಯಾರು ಯಾರು ಅಂತ ತಿಳಿಯುವುದಿಲ್ಲ. ಆ ದಿನಗಳ ಬಗ್ಗೆ ಅವರು ಮಾತಾಡುವುದು ಕಡಿಮೆ. ಮ್ಯೂಸಿಯಂನ ಹೊರಗೆ ನೆರಳಲ್ಲಿ ಕೂತಾಗ ಇಷ್ಟು ಹೇಳಿದರು: "ಅಲ್ಲಿ ಹೋಗಿ ಕಲತ್ವಿ. ಕಲಿಯೂದಕ್ಕ ಮಂದಿ ಜೀವಾ ಕೊಟ್ರು."

ಎರಡನೆಯದು 2006ರಲ್ಲಿ ಕಾಂಗೊ, ವಿಶ್ವಸಂಸ್ಥೆಯ ಪಡೆಯಲ್ಲಿ. ಪೂರ್ವದ ಉತ್ತರ ಕಿವು ಪ್ರಾಂತ್ಯದ ಗೋಮಾ ಊರಿನಲ್ಲಿ ನಮ್ಮ ಬ್ರಿಗೇಡ್ ಇತ್ತು. ಪಕ್ಕದಲ್ಲೇ ನ್ಯಿರಗೊಂಗೊ ಜ್ವಾಲಾಮುಖಿ, 2002ರಲ್ಲಿ ಅದರ ಲಾವಾ ಊರೊಳಗೇ ಹರಿದಿತ್ತು. ರಸ್ತೆಯೆಲ್ಲ ಕಪ್ಪು ಚೂಪು ಕಲ್ಲು, ಟೈರ್ ತಿಂದುಹಾಕುತ್ತಿತ್ತು ಅನ್ನುತ್ತಾರೆ. ಈ ಸಲ ಹೊರಡುವ ಮೊದಲು ದೆಹಲಿಯಲ್ಲಿ ತರಬೇತಿ ಆಗಿತ್ತು. ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಅಂತಲೇ ನಮ್ಮವರು 2000ದಲ್ಲಿ ಅಲ್ಲೊಂದು ಕೇಂದ್ರ ತೆರೆದಿದ್ದಾರೆ, ಬೇರೆ ದೇಶಗಳ ಅಧಿಕಾರಿಗಳೂ ಅಲ್ಲಿಗೆ ಕಲಿಯಲು ಬರುತ್ತಾರೆ. ಯಾವಾಗ ಗುಂಡು ಹಾರಿಸಬಹುದು, ಯಾವಾಗ ಬಾರದು ಅನ್ನುವುದೇ ಮುಖ್ಯ ಪಾಠ. ಗಾಡಿಗಳಿಗೆಲ್ಲ ಬಿಳಿ ಬಣ್ಣ. ತಲೆಗೆ ನೀಲಿ ಟೋಪಿ. ಮಲೇರಿಯಾ ಮಾತ್ರೆ. ನಾಲ್ಕು ಸ್ವಾಹಿಲಿ ಪದ. ದುಭಾಷಿ ಇದ್ದಾಗ ಅವನ ಮುಖ ನೋಡಬೇಡ, ಊರಿನ ಹಿರಿಯನ ಮುಖ ನೋಡಿ ಮಾತಾಡು ಅನ್ನುವ ಸಣ್ಣ ಬುದ್ಧಿ. "ಜಾಂಬೋ", "ಅಸಾಂತೆ" ಅಂತ ಅಪ್ಪ ಇವತ್ತಿಗೂ ನನ್ನ ಮಗಳಿಗೆ ಹೇಳುತ್ತಾರೆ. ಅವರಿಗೆ ಆ ತರಬೇತಿಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಕಂಟೇನರ್ ಪ್ಯಾಕಿಂಗ್ ಪಟ್ಟಿ. ಹಡಗಿಗೆ ಏರಿದ ಸಾಮಾನು ಆಫ್ರಿಕಾದ ತೀರ ಮುಟ್ಟಿ, ಅಲ್ಲಿಂದ ರಸ್ತೆ ಹಿಡಿದು ಒಳನಾಡು ಸೇರಬೇಕು. ಮೊದಲು ಬೇಕಾದದ್ದನ್ನು ಕೊನೆಗೆ ಒಳಗೆ ಹಾಕಬೇಕು. ಕ್ವಾರ್ಟರ್‌ಮಾಸ್ಟರ್ ಕೆಲಸ, ಅಂದರೆ ಪಡೆಯ ಸಾಮಾನು ನೋಡಿಕೊಳ್ಳುವ ಕೆಲಸ, ಮಾಡಿದವರು, ಅವರ ಖುಷಿ ಅವರಿಗೆ.

ಹೊರಗಿನ ಟ್ಯಾಂಕ್ ಅಂಗಳಕ್ಕೆ ಬನ್ನಿ. ಮಕ್ಕಳಿಗೆ ಇಷ್ಟವಾಗುವ ಭಾಗ ಇದೇ. ಎರಡನೇ ಮಹಾಯುದ್ಧದ ಷರ್ಮನ್, ಸ್ಟುವರ್ಟ್‌ಗಳಿಂದ ಹಿಡಿದು ಆಮೇಲಿನ ಪ್ಯಾಟನ್ ಸರಣಿಯ ಟ್ಯಾಂಕ್‌ಗಳವರೆಗೆ ಇವೆ. ಬಿಸಿಲಿಗೆ ಕಾದ ಕಬ್ಬಿಣ, ಮಕ್ಕಳ ಕೈ ಜೋಪಾನ. ಪ್ಯಾಟನ್ ಟ್ಯಾಂಕ್ ಅಂದ ಕೂಡಲೇ ಅಪ್ಪನಿಗೆ ಅಮೆರಿಕ ಮರೆತೇಹೋಯಿತು. ನಮ್ಮವರಿಗೆ ಪ್ಯಾಟನ್ ಅಂದರೆ ಜನರಲ್ ಅಲ್ಲ, 1965ರ ಪಾಕಿಸ್ತಾನ ಯುದ್ಧದ ಅಸಲ್ ಉತ್ತರ್ ಕದನ. ಅಮೆರಿಕ ಪಾಕಿಸ್ತಾನಕ್ಕೆ ಕೊಟ್ಟ ಪ್ಯಾಟನ್‌ಗಳು ಪಂಜಾಬಿನ ಖೇಮ್‌ಕರಣ್ ಕಡೆಯಿಂದ ನುಗ್ಗಿದವು. ನಮ್ಮವರು ಕಾಲುವೆ ಒಡೆದು ಹೊಲಕ್ಕೆ ನೀರು ಬಿಟ್ಟರು. ಕಬ್ಬಿನ ಗದ್ದೆಯ ಕೆಸರಿನಲ್ಲಿ ಟ್ಯಾಂಕ್‌ಗಳು ಹೂತವು. ಕಬ್ಬಿನ ಮರೆಯಲ್ಲಿ ನಮ್ಮ ಸೆಂಚುರಿಯನ್ ಟ್ಯಾಂಕ್‌ಗಳೂ ಜೀಪಿನ ಮೇಲಿನ, ಟ್ಯಾಂಕ್ ಒಡೆಯುವ ರಿಕಾಯಿಲ್‌ಲೆಸ್ ಗನ್‌ಗಳೂ ಕಾದಿದ್ದವು. ಹವಾಲ್ದಾರ್ ಅಬ್ದುಲ್ ಹಮೀದ್ ಪರಮವೀರರಾದದ್ದು ಅಲ್ಲೇ. ಸಿಕ್ಕ ಟ್ಯಾಂಕ್‌ಗಳನ್ನೆಲ್ಲ ತಂದು ನಿಲ್ಲಿಸಿದ ಜಾಗಕ್ಕೆ ಪ್ಯಾಟನ್ ನಗರ ಅಂತಲೇ ಹೆಸರಾಯಿತು. ಆಮೇಲೆ ಅವು ನಮ್ಮ ಎಷ್ಟೋ ಕಂಟೋನ್‌ಮೆಂಟ್‌ಗಳ ಬಾಗಿಲಿಗೆ ಬಂದು ನಿಂತವು.

ಆ ಗದ್ದೆಯಲ್ಲಿ ಪ್ಯಾಟನ್‌ಗಳನ್ನು ತಡೆದದ್ದು 4ನೇ ಮೌಂಟನ್ ಡಿವಿಷನ್. ಅದರ ಗುರುತು ಕೆಂಪು ಹದ್ದು. ಎರಡನೇ ಮಹಾಯುದ್ಧದಲ್ಲಿ 4ನೇ ಇಂಡಿಯನ್ ಡಿವಿಷನ್ ಆಗಿ ಈಜಿಪ್ಟ್, ಲಿಬಿಯಾ, ಟ್ಯುನೀಶಿಯಾ ಅಂತ ಉತ್ತರ ಆಫ್ರಿಕಾದ ಉದ್ದಗಲಕ್ಕೆ ಹೋರಾಡಿದ್ದು ಇದೇ ಡಿವಿಷನ್. ಕ್ಯಾಲಿಫೋರ್ನಿಯಾದಲ್ಲಿ ಪ್ಯಾಟನ್ ಯಾವ ಮರಳಿಗೆ ತಯಾರಾಗುತ್ತಿದ್ದರೋ ಆ ಮರಳಿನಲ್ಲಿ ಇವರು 1940ರಿಂದಲೇ ಇದ್ದರು. ಅಂಗಳದಲ್ಲಿ ಇದನ್ನು ಅಪ್ಪ ನನಗೆ ಹೇಳುತ್ತಿರುವಾಗ ಮಗಳು ಟ್ಯಾಂಕಿನ ಚೈನಿನ ಹಲ್ಲು ಎಣಿಸುತ್ತಿದ್ದಳು.

ನನ್ನ ಆಸೆ ಒಂದೇ. ಇಲ್ಲಿ ಶುರುವಾದ ಕಥೆ 1944ಕ್ಕೆ ಮುಗಿಯುವುದಿಲ್ಲ, ಆಮೇಲಿನದನ್ನೂ ಓದಿಕೊಂಡು ಹೋದರೆ ನೋಡುವ ಕಣ್ಣು ಬದಲಾಗುತ್ತದೆ. ಇದೇ ಮರುಭೂಮಿಯಲ್ಲಿ 1964ರಲ್ಲಿ ಡೆಸರ್ಟ್ ಸ್ಟ್ರೈಕ್ ಅಂತ ಒಂದು ಲಕ್ಷ ಸೈನಿಕರ ಅಣಕು ಯುದ್ಧ ನಡೆಯಿತು. ಉತ್ತರಕ್ಕೆ, ಬಾರ್ಸ್ಟೊ ಊರಿನ ಆಚೆ, ಫೋರ್ಟ್ ಅರ್ವಿನ್‌ನಲ್ಲಿ 1980ರ ದಶಕದ ಶುರುವಿನಿಂದ ನ್ಯಾಷನಲ್ ಟ್ರೈನಿಂಗ್ ಸೆಂಟರ್ ಇದೆ. ನನ್ನ ಆಫೀಸಿನಲ್ಲಿ ಒಬ್ಬ ಹಳೇ ಸೈನಿಕ ಇದ್ದಾನೆ, ಇರಾಕ್‌ಗೆ ಹೋಗುವ ಮೊದಲು ಅಲ್ಲಿ ತಯಾರಾದವನು. ಅವನ ಬಾಯಲ್ಲಿ ಕೇಳಬೇಕು. ಬಂದೂಕಿಗೆ ಲೇಸರ್, ಮೈಮೇಲೆ ಸೆನ್ಸರ್. ಗುರಿ ತಾಗಿದರೆ ಪೀಂ ಅಂತ ಕೂಗಿಕೊಳ್ಳುತ್ತದೆ. ಆಮೇಲೆ ನಿನಗೆ ಎಲ್ಲಿ ಗಾಯ ಆಗಿದೆ ಅಂತ ಒಂದು ಕಾರ್ಡ್ ಹೇಳುತ್ತದೆ, ಆ ಪ್ರಕಾರ ನರಳಬೇಕು.

ಶೀತಲ ಸಮರದ ಕಾಲದಲ್ಲಿ ಅಲ್ಲಿ ಶತ್ರುವಿನ ಪಾತ್ರಕ್ಕೆ ಒಂದು ಕಾಯಂ ಪಡೆ ಇತ್ತು. ತಮ್ಮದೇ ಷೆರಿಡನ್ ಟ್ಯಾಂಕ್‌ಗಳಿಗೆ ಹೊದಿಕೆ ಹಾಕಿ ಸೋವಿಯೆತ್ ಟ್ಯಾಂಕ್ ಥರ ಮಾಡಿ, ಸೋವಿಯೆತ್ ರೀತಿಯಲ್ಲೇ ದಾಳಿ ಮಾಡುತ್ತಿದ್ದರು. ಇರಾಕ್ ಯುದ್ಧ ಶುರುವಾದ ಮೇಲೆ ಅದೇ ಮೈದಾನದಲ್ಲಿ ಮಸೀದಿ, ಸಂತೆ, ಓಣಿ ಇರುವ ಸುಳ್ಳು ಊರುಗಳು ಎದ್ದವು. ಒಂದರ ಹೆಸರು ಮದೀನಾ ವಾಸ್ಲ್. ಮೇಯರ್, ಅಂಗಡಿಯವ, ಕೋಪಗೊಂಡ ಅಜ್ಜಿ ಆಗಲು ಅರಬಿ ಮಾತಾಡುವ ಇರಾಕಿ-ಅಮೆರಿಕನ್ನರನ್ನೇ ಕರೆತಂದರು. ಟ್ಯಾಂಕ್ ಓಡಿಸಲು ಕಲಿತವನು ಈಗ ಚಹಾ ಕುಡಿಯುತ್ತಾ ಮೇಯರ್ ಜೊತೆ ಚೌಕಾಸಿ ಮಾಡಬೇಕು. ಅಫ್ಘಾನಿಸ್ತಾನ ಮುಖ್ಯವಾದಾಗ ಊರುಗಳ ಹೆಸರು, ಬೋರ್ಡು, ಭಾಷೆ ಬದಲಾಯಿತು. ಈಗ ಮತ್ತೆ ದೊಡ್ಡ ಸೈನ್ಯದ ಜೊತೆಗಿನ ಯುದ್ಧದ ಪಾಠ. ತಲೆ ಮೇಲೆ ಡ್ರೋನ್, ರೇಡಿಯೊಗೆ ಅಡ್ಡಿ, ಎದುರಿಗೆ ಡೊನೋವಿಯಾ ಅನ್ನುವ ಕಲ್ಪಿತ ದೇಶ. ಅಪ್ಪನಿಗೆ ಎಲ್ಲಕ್ಕಿಂತ ಅಚ್ಚರಿ ಆದದ್ದು ಅಣಕು ಯುದ್ಧ ಮುಗಿದ ಮೇಲಿನ ಸಭೆ. ಎಲ್ಲರೂ ಕೂತು ಏನು ನಡೆಯಿತು, ಯಾಕೆ ನಡೆಯಿತು ಅಂತ ಬಿಡಿಸುತ್ತಾರೆ. ಸಾಮಾನ್ಯ ಸಾರ್ಜೆಂಟ್ ಕೂಡ ಕ್ಯಾಪ್ಟನ್ ಮುಂದೆಯೇ ನಿಮ್ಮ ಆರ್ಡರ್ ತಡವಾಗಿ ಬಂತು ಅನ್ನಬಹುದು. ಅಪ್ಪ ಅದನ್ನು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಮೀಸೆ ಸವರಿ ನಕ್ಕರು. ಏನೂ ಹೇಳಲಿಲ್ಲ.

ನನಗೆ ಅಸಮಾಧಾನ ಆಗಿದ್ದು ಈ ಊರುಗಳ ವಿಷಯದಲ್ಲೇ. ಇರಾಕ್‌ಗೆ ಹೋಗಿ ಮಾಡಿದ ತಪ್ಪುಗಳೆಲ್ಲ ಆದ ಮೇಲೆ ಇರಾಕಿ ಸಂತೆ ಕಟ್ಟಿದರು. ಆಫ್ರಿಕಾ ಮುಗಿಯುವ ಹೊತ್ತಿಗೆ ಆಫ್ರಿಕಾಕ್ಕೆ ತಯಾರಾದರು. ಇಷ್ಟು ದುಡ್ಡು, ಇಷ್ಟು ಬುದ್ಧಿ ಇದ್ದೂ ನೆಲದ ಊಹೆ ಯಾವಾಗಲೂ ಒಂದು ಹೆಜ್ಜೆ ಹಿಂದೆ. ಸಹೋದ್ಯೋಗಿಗೆ ಇದನ್ನು ಹೇಳಿದರೆ ಅವನು, ಊರು ಸುಳ್ಳಾದರೂ ನಾನು ಅಲ್ಲಿ ನಿಧಾನವಾಗಿ ಮಾತಾಡೋದು ಕಲಿತೆ ಅಂದ. ಅದು ಅವನ ಅನುಭವ, ಅದಕ್ಕೆ ನಾನೇನು ಹೇಳಲಿ.

ಇನ್ನು ಹೋಗುವವರಿಗೆ ಬೇಕಾದ ವಿಷಯ. ಟಿಕೆಟ್ ಇದೆ, ದುಬಾರಿ ಏನಲ್ಲ. ಹೊರಡುವ ಮೊದಲು ಸಮಯ ವಿಚಾರಿಸಿಕೊಳ್ಳಿ. ಎರಡು ತಾಸು ಇಟ್ಟುಕೊಂಡರೆ ಆರಾಮಾಗಿ ಆಗುತ್ತದೆ. ನವೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಜೂನ್, ಜುಲೈನಲ್ಲಿ ಟ್ಯಾಂಕ್ ಅಂಗಳದಲ್ಲಿ ಹತ್ತು ನಿಮಿಷ ನಿಲ್ಲುವುದೂ ಕಷ್ಟ. ಗಾಲಿಕುರ್ಚಿಯಲ್ಲಿರುವ ಹಿರಿಯರಿದ್ದರೆ ಅಂಗಳದ ದೂರದ ಭಾಗ ಬಿಟ್ಟು ಒಳಗಿನದನ್ನು ತೋರಿಸಿ. ಯುದ್ಧ, ಬಂದೂಕು ಅಂದರೆ ಆಗದವರಿಗೂ ಆ ನೀರಿನ ನಕ್ಷೆ ಒಂದಕ್ಕೇ ನಿಲ್ಲಿಸಬಹುದು ಅಂತ ನಾನು ಹೇಳುತ್ತೇನೆ. ಐದಕ್ಕೆ ನಾಲ್ಕು ಸ್ಟಾರ್ ನನ್ನದು. ಅಪ್ಪನ ಪ್ರಕಾರ ಮೂರೂವರೆ, ಯಾಕಂದರೆ ಅಡುಗೆಮನೆ ಲಾರಿ ಬಗ್ಗೆ ಅವರಿಗೆ ಇನ್ನೂ ಜಾಸ್ತಿ ಬೇಕಿತ್ತು.

ಹಳೇ ಕ್ಯಾಂಪ್‌ಗಳ ಗುರುತು ಮರುಭೂಮಿಯಲ್ಲಿ ಇನ್ನೂ ಇದೆ. ಕಲ್ಲು ಜೋಡಿಸಿ ಮಾಡಿದ ಕಾಲುದಾರಿ, ಐರನ್ ಮೌಂಟನ್ ಕ್ಯಾಂಪ್‌ನಲ್ಲಿ ಕಲ್ಲಿನ ಪ್ರಾರ್ಥನಾ ವೇದಿಕೆ, ಗಟ್ಟಿ ನೆಲದ ಮೇಲೆ 80 ವರ್ಷ ಕಳೆದರೂ ಅಳಿಸದ ಟ್ಯಾಂಕ್ ಚೈನಿನ ಗೀರು. ನೋಡುವ ಹುಮ್ಮಸ್ಸಿದ್ದರೆ ದೊಡ್ಡ ಗಾಡಿ, ಜಾಸ್ತಿ ನೀರು ಇಟ್ಟುಕೊಂಡು ಹೋಗಿ. ನೆಲದ ಮೇಲೆ ತುಕ್ಕು ಹಿಡಿದ ಲೋಹ ಕಂಡರೆ ಮುಟ್ಟಬೇಡಿ, ಸಿಡಿಯದೇ ಉಳಿದ ಗುಂಡು ಇದ್ದೀತು. ಅಷ್ಟು ಬೇಡ ಅಂದರೆ ಮ್ಯೂಸಿಯಂನಿಂದ ಪಶ್ಚಿಮಕ್ಕೆ ಕೆಲವೇ ನಿಮಿಷದಲ್ಲಿ ಜೋಶುವಾ ಟ್ರೀ ನ್ಯಾಷನಲ್ ಪಾರ್ಕ್‌ನ ದಕ್ಷಿಣದ ಬಾಗಿಲು ಸಿಗುತ್ತದೆ, ಕಾಟನ್‌ವುಡ್ ಕಡೆಯದು. ಒಂದೇ ದಿನದಲ್ಲಿ ಎರಡೂ ಆಗುತ್ತದೆ.

ಪೆಟ್ರೋಲ್ ಮಾತ್ರ ಗಡಿ ದಾಟುವ ಮೊದಲೇ, ಅರಿಜೋನಾದ ಕ್ವಾರ್ಟ್ಸೈಟ್ ಅಥವಾ ಎರೆನ್‌ಬರ್ಗ್‌ನಲ್ಲಿ ತುಂಬಿಸಿಕೊಳ್ಳಿ, ಕ್ಯಾಲಿಫೋರ್ನಿಯಾದ ರೇಟು ಬೇಡವೇ ಬೇಡ. ಊಟಕ್ಕೆ ಚಿತ್ರಾನ್ನವೋ ಚಪಾತಿಯೋ ಕಟ್ಟಿಕೊಂಡು ಹೋದರೆ ನೆಮ್ಮದಿ. ದಾರಿಯಲ್ಲಿ ಒಂದು ಕಡೆ, ಹೆಸರು ಬೇಡ, ಅಪ್ಪನಿಗೆ ಚಹಾ ಅಂತ ಐಸ್ ಹಾಕಿದ್ದನ್ನು ಕೊಟ್ಟರು. ಅವರು ಒಂದು ಗುಟುಕು ಕುಡಿದು, ಉಳಿದದ್ದನ್ನು ನನ್ನ ಕಡೆ ತಳ್ಳಿ, ಫ್ಲಾಸ್ಕ್ ಎಲ್ಲಿ ಅಂತ ಕೇಳಿದರು.